ಬೊಲೊನ್ಯಾದ ಬೇಸಗೆಯ ಚಿತ್ರಗಳು



ಚಲನಚಿತ್ರಕ್ಕೂ ಋತುಮಾನಕ್ಕೂ ಏನಾದರೂ ಸಂಬಂಧವುಂಟೆ ಎಂದು ಕೇಳಿದರೆ ಇಂದಿನ ತರುಣರು ನಕ್ಕಾರು. ತಂಪುಗಾಳಿಯ ಯಂತ್ರವಿರುವ ಚಿತ್ರಮಂದಿರದೊಳಗೆ ಚೈತ್ರವೂ ಒಂದೇ, ಆಷಾಢವೂ ಒಂದೇ. ಆದರೆ ಟೂರಿಂಗ್ ಟಾಕೀಸುಗಳ ಕಾಲದಲ್ಲಿ ಬೆಳೆದ ನನ್ನಂಥವರಿಗೆ ಆ ಸಂಬಂಧ ಬಲು ಗಟ್ಟಿಯಾದದ್ದು. ಸುಗ್ಗಿ ಮುಗಿದು, ಬಯಲು ಒಣಗಿ, ಜಾತ್ರೆಗಳು ಮೊದಲಾಗುವ ಹೊತ್ತಿಗೆ ಊರಾಚೆ ಡೇರೆ ಏಳುತ್ತಿತ್ತು. ಸಂಜೆ ಧ್ವನಿವರ್ಧಕದಲ್ಲಿ ಘಂಟಸಾಲರ ಕಂಠದ ವೆಂಕಟೇಶನ ಸ್ತುತಿ ಕೇಳಿಬಂತೆಂದರೆ ಮೊದಲನೆಯ ಆಟಕ್ಕೆ ಟಿಕೆಟ್ಟು ಕೊಡಲು ಪ್ರಾರಂಭಿಸಿದರೆಂದು ಅರ್ಥ. ನೆಲದ ಟಿಕೆಟ್ಟು ಕೊಂಡವರು ಮರಳನ್ನು ಗುಡ್ಡೆಮಾಡಿ ತಮ್ಮ ತಮ್ಮ ಆಸನಗಳನ್ನು ತಾವೇ ನಿರ್ಮಿಸಿಕೊಳ್ಳುತ್ತಿದ್ದರು. ಮುಂಗಾರಿನ ಮೊದಲ ಬಿರುಮಳೆಗೆ ಡೇರೆಯನ್ನು ಕೀಳುತ್ತಿದ್ದರು. ಅಲ್ಲಿಗೆ ಆ ವರ್ಷದ ಸಿನಿಮಾ ಮುಗಿಯಿತು. ಬೇಸಗೆಯೆಂದರೆ ನಮಗೆ ಮಾವಿನ ಹಣ್ಣು, ಅಜ್ಜನ ಮನೆ, ಡೇರೆಯ ಸಿನಿಮಾ.

ಇಟಲಿ ದೇಶದಲ್ಲಿ ಇದು ತಿರುಗುಮುರುಗು. ಅಲ್ಲಿ ಬೇಸಗೆಯೆಂದರೆ ಬಹುಕಾಲದಿಂದಲೂ ಚಿತ್ರಮಂದಿರಗಳ ಸತ್ತ ಋತು. ಜನ ನಗರವನ್ನು ಬಿಟ್ಟು ಕಡಲತೀರಕ್ಕೂ ಬೆಟ್ಟಗಳಿಗೂ ಹೋಗಿಬಿಡುತ್ತಾರೆ. ಅನೇಕ ಮಂದಿರಗಳು ಬಾಗಿಲಿಗೆ ಬೀಗ ಹಾಕಿ, ಶರತ್ಕಾಲ ಬಂದಾಗ ಮತ್ತೆ ತೆರೆಯುವುದಾಗಿ ಚೀಟಿ ಅಂಟಿಸುತ್ತವೆ. ಹೀಗೆ ಯಾರೂ ಬಾರದ ಕಾಲವನ್ನೇ ಆರಿಸಿಕೊಂಡು, ಅದರಲ್ಲೇ ಜಗತ್ತಿನ ಹಳೆಯ ಚಿತ್ರಗಳ ಜಾತ್ರೆಯೊಂದನ್ನು ನೆರೆಸಿದ ಊರು ಬೊಲೊನ್ಯಾ. 2024ರ ಜೂನ್ ತಿಂಗಳಿನಲ್ಲಿ ಅಲ್ಲಿ ಕೆಲವು ದಿನ ಇರುವ ಅವಕಾಶ ನನಗೆ ದೊರೆಯಿತು. ನನ್ನ ತಂಗಿಯ ಮಗಳು ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆಗೆಂದು ಹೋಗಿದ್ದಳು. ಅವಳಿಗೆ ಮಾವ ಬಂದದ್ದು ತನ್ನನ್ನು ನೋಡಲು ಎಂಬ ನಂಬಿಕೆ. ನಾನು ಅದನ್ನು ಅಲ್ಲಗಳೆಯಲು ಹೋಗಲಿಲ್ಲ.

ಬೊಲೊನ್ಯಾ ಉತ್ತರ ಇಟಲಿಯ ಹಳೆಯ ಪಟ್ಟಣ. ಅದರ ವಿಶ್ವವಿದ್ಯಾನಿಲಯ 1088ರಲ್ಲಿ ಹುಟ್ಟಿತೆಂದು ಅವರ ಸಂಪ್ರದಾಯ ಹೇಳುತ್ತದೆ. ಇಟಲಿಯವರು ಈ ಊರಿಗೆ ಮೂರು ಬಿರುದು ಕೊಟ್ಟಿದ್ದಾರೆ: ಪಂಡಿತೆ, ಕೊಬ್ಬಿದವಳು, ಕೆಂಪಿನವಳು. ಪಾಂಡಿತ್ಯ ವಿಶ್ವವಿದ್ಯಾನಿಲಯದಿಂದ, ಕೊಬ್ಬು ಅಡುಗೆಯಿಂದ. ಕೆಂಪೆಂಬುದು ಅದರ ಇಟ್ಟಿಗೆಯ ಬಣ್ಣದಿಂದಲೂ ಹೌದು, ಅದರ ರಾಜಕೀಯದಿಂದಲೂ ಹೌದು. ಆದರೆ ನಡೆದು ಹೋಗುವ ಮುದುಕನಿಗೆ ಮೊದಲು ಕಾಣುವುದು ಅಲ್ಲಿಯ ಕಮಾನು ಜಗಲಿಗಳು. ರಸ್ತೆಯ ಇಕ್ಕೆಲಗಳಲ್ಲಿ ಮನೆಗಳ ಮೇಲಂತಸ್ತು ಮುಂದಕ್ಕೆ ಚಾಚಿ, ಕಂಬಗಳ ಮೇಲೆ ನಿಂತು, ಕೆಳಗೆ ನೆರಳಿನ ದಾರಿ ಆಗಿದೆ. ಎಲ್ಲವನ್ನೂ ಕೂಡಿಸಿದರೆ 62 ಕಿಲೋಮೀಟರು ಆಗುತ್ತವಂತೆ. 2021ರಲ್ಲಿ ಯುನೆಸ್ಕೊ ಇವುಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಜೂನಿನ ಬಿಸಿಲು ಅಲ್ಲಿ ನಮ್ಮ ರಾಯಚೂರನ್ನು ನೆನಪಿಗೆ ತರುವಷ್ಟಲ್ಲದಿದ್ದರೂ ಸಾಕಷ್ಟು ಕಠಿಣವೇ. ಒಂದು ಚಿತ್ರಮಂದಿರದಿಂದ ಇನ್ನೊಂದಕ್ಕೆ ತಲೆಯ ಮೇಲೆ ಬಿಸಿಲು ಬೀಳದಂತೆ ನಡೆದುಹೋಗಬಹುದಾದ ಊರು ಬೇರೆ ಯಾವುದಿದೆಯೋ ನಾನರಿಯೆ.

ಈ ಚಿತ್ರಜಾತ್ರೆಗೆ ಅವರಿಟ್ಟ ಹೆಸರು ‘ಇಲ್ ಚಿನೆಮಾ ರಿತ್ರೊವಾತೊ’. ಮರಳಿ ಸಿಕ್ಕಿದ ಸಿನಿಮಾ ಎಂದು ಅರ್ಥ. 1986ರಲ್ಲಿ ಕೆಲವೇ ದಿನಗಳ ಚಿಕ್ಕ ಕೂಟವಾಗಿ ಆರಂಭವಾದದ್ದು ಇಂದು ಜೂನಿನ ಕೊನೆಯಲ್ಲಿ ಒಂಬತ್ತು ದಿನಗಳ ಕಾಲ ನಡೆಯುತ್ತದೆ. ಚಿಕ್ಕದು ದೊಡ್ಡದು ಸೇರಿ ನಾನೂರಕ್ಕೂ ಹೆಚ್ಚು ಚಿತ್ರಗಳು. ಇದನ್ನು ನಡೆಸುವುದು ಚಿನೆತೆಕಾ ಎಂಬ ಸಂಸ್ಥೆ. 1960ರ ದಶಕದಲ್ಲಿ ಅದನ್ನು ಹುಟ್ಟುಹಾಕಿದ್ದು ಯಾವನೋ ಧನಿಕನೂ ಅಲ್ಲ, ಚಿತ್ರೋದ್ಯಮವೂ ಅಲ್ಲ. ಆ ಊರಿನ ನಗರಸಭೆ. ಈ ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ. ಚರಂಡಿ, ದೀಪ, ನೀರು ನೋಡಿಕೊಳ್ಳುವ ನಗರಸಭೆಯೇ ಹಳೆಯ ಚಿತ್ರಗಳನ್ನು ಕೂಡಿಡುವುದೂ ತನ್ನ ಕೆಲಸವೆಂದು ತಿಳಿಯಿತು! ನಮ್ಮಲ್ಲಿ ಪುರಸಭೆಯ ಗ್ರಂಥಾಲಯಕ್ಕೆ ಕರ ಕೊಡುತ್ತೇವೆ. ಪುರಸಭೆಯ ಚಿತ್ರಾಲಯವೆಂಬ ಮಾತು ನಮ್ಮ ನಾಲಗೆಗೆ ಇನ್ನೂ ಬಂದಿಲ್ಲ.

ಆ ಸಂಸ್ಥೆಯ ಮಂದಿರಗಳೂ ನೋಡತಕ್ಕವು. ಲುಮಿಯೇರ್ ಎಂಬ ಹೆಸರಿನ ಮಂದಿರವಿರುವುದು ಊರಿನ ಹಳೆಯ ಕಸಾಯಿಖಾನೆಯ ಕಟ್ಟಡದಲ್ಲಿ. ಅದರ ಮುಂದಿನ ಅಂಗಳಕ್ಕೆ ಪಾಸೊಲೀನಿಯ ಹೆಸರಿಟ್ಟಿದ್ದಾರೆ. ಕವಿಯೂ ನಿರ್ದೇಶಕನೂ ಆಗಿದ್ದ ಆತ 1922ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಇನ್ನೊಂದು ಮಂದಿರ ನಗರದ ಮುಖ್ಯ ಚೌಕದ ಪಕ್ಕದಲ್ಲಿ, ನೆಲದಡಿಯಲ್ಲಿದೆ. ಮೆಟ್ಟಿಲಿಳಿದು ಹೋಗಬೇಕು. 1915ರಲ್ಲಿ ತೆರೆದ ಆ ಮಂದಿರಕ್ಕೆ ಮೊದೆರ್ನಿಸ್ಸಿಮೊ ಎಂದು ಹೆಸರು, ಎಂದರೆ ಅತ್ಯಾಧುನಿಕ! ಹಲವು ವರ್ಷ ಮುಚ್ಚಿ ಪಾಳುಬಿದ್ದಿದ್ದ ಅದನ್ನು ದುರಸ್ತಿಮಾಡಿ 2023ರ ನವೆಂಬರಿನಲ್ಲಿ ಮತ್ತೆ ತೆರೆದರು. ಕೆಂಪು ಆಸನಗಳು, ಹಳೆಯ ಕಾಲದ ಅಲಂಕಾರ. ಒಳಗೆ ಹೋದರೆ ನೂರು ವರ್ಷದ ಹಿಂದಿನ ರಂಗಮಂದಿರಕ್ಕೆ ಬಂದಂತಾಗುತ್ತದೆ. ನಮ್ಮ ಊರುಗಳಲ್ಲಿ ಚಿತ್ರಮಂದಿರವೊಂದು ಮುಚ್ಚಿತೆಂದರೆ ಮುಂದೆ ಅದು ಕಲ್ಯಾಣಮಂಟಪವಾಗುತ್ತದೆ, ಇಲ್ಲವೇ ಬಟ್ಟೆಯಂಗಡಿ. ಮುಚ್ಚಿದ ಚಿತ್ರಮಂದಿರ ಮರಳಿ ಚಿತ್ರಮಂದಿರವೇ ಆದದ್ದನ್ನು ನಾನು ಕಂಡದ್ದು ಅದೇ ಮೊದಲು.

ಬೆಳಗ್ಗೆ ಒಂಬತ್ತಕ್ಕೆ ಮೊದಲ ಆಟ, ನಡುರಾತ್ರಿಗೆ ಕೊನೆಯದು. ಒಂದೇ ಹೊತ್ತಿಗೆ ಐದಾರು ಮಂದಿರಗಳಲ್ಲಿ ಬೇರೆ ಬೇರೆ ಚಿತ್ರ. ಜಪಾನಿನದಕ್ಕೆ ಹೋಗೋಣವೆಂದರೆ ಸ್ವೀಡನ್ನಿನದು ತಪ್ಪುತ್ತದೆ. ಮೂಕಿಚಿತ್ರಕ್ಕೆ ಹೋದರೆ ಆಫ್ರಿಕದ ಯಾವನೋ ನಿರ್ದೇಶಕ ತಾನೇ ಬಂದು ಮಾತನಾಡುವುದು ತಪ್ಪುತ್ತದೆ. ಬಂದವರಲ್ಲಿ ಯಾತ್ರಿಕರಂತೆ ಪಟ್ಟಿ ಹಿಡಿದು ಓಡುವ ತರುಣರಿದ್ದರು. ಊರುಗೋಲೂರಿಕೊಂಡು ನಿಧಾನವಾಗಿ ಬಂದು ಮುಂದಿನ ಸಾಲಿನಲ್ಲೇ ಕುಳಿತು ಹತ್ತೇ ನಿಮಿಷದಲ್ಲಿ ನಿದ್ದೆಹೋಗುವ ಹಿರಿಯರೂ ಇದ್ದರು. ನಾನು ದಿನಕ್ಕೆ ಮೂರೇ ಚಿತ್ರ ಎಂಬ ವ್ರತ ಹಿಡಿದೆ. ನಾಲ್ಕನೆಯದನ್ನು ಕಣ್ಣು ನೋಡೀತು, ತಲೆ ನೋಡದು.

ಅಲ್ಲಿಯ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. 2003ರಿಂದ ಪ್ರತಿವರ್ಷವೂ, ಸರಿಯಾಗಿ ನೂರು ವರ್ಷಗಳ ಹಿಂದೆ ತಯಾರಾದ ಚಿತ್ರಗಳನ್ನು ಆರಿಸಿ ತೋರಿಸುತ್ತ ಬಂದಿದ್ದಾರೆ. ನಾನು ಹೋದ ವರ್ಷ 1924ರ ಸರದಿ. ನಾವು ಶತಮಾನೋತ್ಸವವನ್ನು ಮಹಾಪುರುಷರಿಗೆ ಮಾತ್ರ ಮಾಡುತ್ತೇವೆ. ಇವರು ಇಡೀ ಒಂದು ವರ್ಷಕ್ಕೇ ಮಾಡುತ್ತಾರೆ, ಮತ್ತು ಅದರಲ್ಲಿ ಮಹಾಕೃತಿಗಳ ಜತೆಗೆ ಸುದ್ದಿಚಿತ್ರ, ಪ್ರವಾಸದ ತುಣುಕು, ಹೆಸರು ಮರೆತ ಹಾಸ್ಯಗಾರನ ಕುಚೇಷ್ಟೆ ಇವಕ್ಕೂ ಸ್ಥಾನವುಂಟು. ಮೂಕಿಚಿತ್ರವನ್ನು ಮೂಕವಾಗಿ ತೋರಿಸುವ ಅನ್ಯಾಯ ಅಲ್ಲಿಲ್ಲ. ತೆರೆಯ ಬದಿಯಲ್ಲಿ ಪಿಯಾನೊ ಇರುತ್ತದೆ. ವಾದಕ ತೆರೆಯನ್ನು ನೋಡುತ್ತಲೇ ಬಾರಿಸುತ್ತಾನೆ. ತಾಳಮದ್ದಳೆಯಲ್ಲಿ ಅರ್ಥಧಾರಿಯ ಮಾತಿನ ಜಾಡು ಹಿಡಿದು ಭಾಗವತರು ಪದ ಎತ್ತುವುದನ್ನು ನೀವು ಕೇಳಿದ್ದರೆ, ಆ ಪಿಯಾನೊವಾದಕನ ಕೆಲಸ ಎಂಥದೆಂದು ಸುಲಭವಾಗಿ ಊಹಿಸಬಲ್ಲಿರಿ.

ಒಂದು ರಾತ್ರಿ ಪಾಸೊಲೀನಿಯ ಅಂಗಳದಲ್ಲಿ ಕಾರ್ಬನ್ ದೀಪದ ಹಳೆಯ ಪ್ರೊಜೆಕ್ಟರನ್ನು ಹೊರಗೇ ನಿಲ್ಲಿಸಿ ಚಿತ್ರ ತೋರಿಸಿದರು. ಎರಡು ಕಾರ್ಬನ್ ಕಡ್ಡಿಗಳ ತುದಿಗಳ ನಡುವೆ ವಿದ್ಯುತ್ತು ಹಾರಿ ಬೆಳಕಾಗುತ್ತದೆ. ಕಡ್ಡಿ ಉರಿದಂತೆಲ್ಲ ಅಂತರ ಹೆಚ್ಚುವುದರಿಂದ ಆಪರೇಟರು ಕಣ್ಣಿಟ್ಟು ಕಾಯುತ್ತ ಅದನ್ನು ಸರಿಪಡಿಸುತ್ತಲೇ ಇರಬೇಕು. ಯಂತ್ರದ ಮೇಲಿನ ಕೊಳವೆಯಿಂದ ತೆಳ್ಳನೆಯ ಹೊಗೆ ಏಳುತ್ತದೆ. ಸುತ್ತ ನಿಂತಿದ್ದ ಯುರೋಪಿನ ತರುಣರಿಗೆ ಅದೊಂದು ಮ್ಯೂಸಿಯಮ್ಮಿನ ವಿಸ್ಮಯ. ಅವರೆಲ್ಲ ತೆರೆಯನ್ನು ಬಿಟ್ಟು ಯಂತ್ರವನ್ನೇ ನೋಡುತ್ತಿದ್ದರು. ನನಗೆ ಅದು ವಿಸ್ಮಯವಲ್ಲ, ಪರಿಚಯ. ನಮ್ಮ ಡೇರೆಯ ಹಿಂಬದಿಯ ತಗಡಿನ ಗೂಡಿನಿಂದ ಆಪರೇಟರು ಹೊರಕ್ಕೆಸೆದ ಕಾರ್ಬನ್ ಕಡ್ಡಿಯ ಮೋಟುಗಳನ್ನು ಆಯ್ದು ತಂದು ಅವುಗಳ ತಾಮ್ರದ ಹೊದಿಕೆ ಸುಲಿದು ಆಡಿದ ಹುಡುಗರಲ್ಲಿ ನಾನೂ ಒಬ್ಬ. ಆ ಬೆಳಕಿಗೆ ಒಂದು ಗುಣವುಂಟು. ಅದು ನಿಶ್ಚಲವಲ್ಲ, ದೀಪದ ಕುಡಿಯಂತೆ ಇಷ್ಟಿಷ್ಟೇ ಅಲುಗುತ್ತದೆ. ಮುಖಗಳು ಉಸಿರಾಡುವಂತೆ ತೋರುತ್ತವೆ. ಇದು ನನ್ನ ವಯಸ್ಸಿನ ಭ್ರಮೆಯೆಂದು ಸೊಸೆಯಂದಿರು ಹೇಳುತ್ತಾರೆ, ಇರಲಿ.

ಎಲ್ಲಕ್ಕಿಂತ ದೊಡ್ಡ ತೆರೆ ಇರುವುದು ಊರ ನಡುವಿನ ಪಿಯಾತ್ಸಾ ಮಜ್ಜೋರೆ ಎಂಬ ಚೌಕದಲ್ಲಿ. ಜೂನಿನಿಂದ ಆಗಸ್ಟಿನವರೆಗೆ ಅಲ್ಲಿ ರಾತ್ರಿ ರಾತ್ರಿ ಚಿತ್ರಪ್ರದರ್ಶನ. ಪ್ರವೇಶ ಎಲ್ಲರಿಗೂ ಉಚಿತ. ಚೌಕದ ಒಂದು ಮಗ್ಗುಲಿಗೆ ಸಂತ ಪೆತ್ರೋನಿಯೊನ ಮಹಾಮಂದಿರ. 1390ರಲ್ಲಿ ಕಟ್ಟಲು ತೊಡಗಿದ ಅದರ ಮುಂಭಾಗ ಇಂದಿಗೂ ಪೂರ್ಣವಾಗಿಲ್ಲ. ಕೆಳಗೆ ಅಮೃತಶಿಲೆ, ಮೇಲೆ ಬರಿಯ ಇಟ್ಟಿಗೆ. ಬೇಸಗೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ಒಂಬತ್ತರ ಮೇಲೆ. ಆದ್ದರಿಂದ ಹತ್ತರ ಸುಮಾರಿಗಲ್ಲದೆ ಚಿತ್ರ ಮೊದಲಾಗದು. ಜನ ಎರಡು ಗಂಟೆ ಮುಂಚಿತವಾಗಿಯೇ ಬಂದು ಕುರ್ಚಿ ಹಿಡಿಯುತ್ತಾರೆ. ಕುರ್ಚಿ ಸಿಗದವರು ಮಹಾಮಂದಿರದ ಮೆಟ್ಟಿಲುಗಳ ಮೇಲೆ, ಅಲ್ಲೂ ಸಿಗದವರು ಕಲ್ಲುಹಾಸಿನ ಮೇಲೆಯೇ. ಕೂಸುಗಳನ್ನು ಹೆಗಲ ಮೇಲೆ ಕೂರಿಸಿಕೊಂಡ ತಂದೆಯರು, ಐಸ್‌ಕ್ರೀಂ ತಿನ್ನುವ ಅಜ್ಜಿಯರು, ಸೈಕಲ್ಲಿನ ಮೇಲೆ ಒಂದು ಕಾಲೂರಿ ನಿಂತ ಹುಡುಗರು. ಆಕಾಶ ನೀಲಿಯಿಂದ ಕಪ್ಪಾಗುವವರೆಗೂ ಬಾನಾಡಿ ಹಕ್ಕಿಗಳು ಕಿರುಚುತ್ತ ಮೇಲೆ ಸುತ್ತುತ್ತಿರುತ್ತವೆ. ಕೆಲವು ರಾತ್ರಿ ಮೂಕಿಚಿತ್ರಕ್ಕೆ ಇಡೀ ವಾದ್ಯವೃಂದವೇ ತೆರೆಯ ಕೆಳಗೆ ಕುಳಿತು ನುಡಿಸುತ್ತದೆ. ಚಾಪ್ಲಿನ್ನನ ಚಿತ್ರಗಳ ಜೀರ್ಣೋದ್ಧಾರವನ್ನು ಚಿನೆತೆಕಾ 1999ರಿಂದ ಕೈಗೊಂಡಿದೆಯಾದ್ದರಿಂದ ಅವನು ಆ ಊರಿನವರಿಗೆ ಹೆಚ್ಚು ಕಡಿಮೆ ನೆರೆಮನೆಯವನೇ ಆಗಿದ್ದಾನೆ.

ಈ ಚೌಕದ ಸಂಭ್ರಮ ಒಂದು ತೂಕದ್ದಾದರೆ ನಾನು ಒಂದು ಮಧ್ಯಾಹ್ನ ಮಂದಿರವೊಂದರಲ್ಲಿ ನೋಡಿದ ಚಿತ್ರ ಬೇರೆಯೇ ತೂಕದ್ದು. ಅದು ನಮ್ಮ ದೇಶದ್ದೇ, ಒಡಿಯಾ ಭಾಷೆಯದು. ನೀರದ ಮಹಾಪಾತ್ರರು 1984ರಲ್ಲಿ ಹೊರತಂದ ‘ಮಾಯಾ ಮಿರಿಗ’. ಆ ವರ್ಷ ಅದು ಕಾನ್ ಉತ್ಸವದ ವಿಮರ್ಶಕರ ಸಪ್ತಾಹಕ್ಕೂ ಹೋಗಿತ್ತು. ಆಮೇಲೆ ಮರೆಯಾಯಿತು. ಅದರ ಮೂಲ ನೆಗೆಟಿವ್ ಮದ್ರಾಸಿನ ಪಾಳುಗೋದಾಮೊಂದರಲ್ಲಿ ಹೀನಸ್ಥಿತಿಯಲ್ಲಿ ಬಿದ್ದಿತ್ತು. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ನಿನವರು ಅದನ್ನು ಎತ್ತಿ ತಂದು ಜೀರ್ಣೋದ್ಧಾರ ಮಾಡಿ, ಮೊದಲ ಪ್ರದರ್ಶನವನ್ನು ಬೊಲೊನ್ಯಾದಲ್ಲಿ ಏರ್ಪಡಿಸಿದ್ದರು. ನಿರ್ದೇಶಕರು ಅದನ್ನು ನೋಡಲು ಉಳಿದಿರಲಿಲ್ಲ.

ಕತೆ ತೀರ ಸರಳವಾದದ್ದು. ಪಟ್ಟಣವೊಂದರಲ್ಲಿ ನಿವೃತ್ತಿಯ ಅಂಚಿನಲ್ಲಿರುವ ಹೆಡ್‌ಮಾಸ್ತರರ ಒಟ್ಟುಕುಟುಂಬ. ವಯಸ್ಸಾದ ತಾಯಿ, ಹೆಂಡತಿ, ಮಕ್ಕಳು, ಮನೆಗೆಲಸದಲ್ಲೇ ದಿನ ಸವೆಸುವ ಹಿರಿಯ ಸೊಸೆ. ಎರಡನೆಯ ಮಗ ದೊಡ್ಡ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅಧಿಕಾರಿಯಾಗುತ್ತಾನೆ, ಸಿರಿವಂತರ ಮನೆಯ ಹುಡುಗಿಯನ್ನು ಮದುವೆಯಾಗುತ್ತಾನೆ, ದೂರವಾಗುತ್ತಾನೆ. ಯಾರೂ ಕೆಟ್ಟವರಲ್ಲ. ಯಾರೂ ಕೂಗಾಡುವುದೂ ಇಲ್ಲ. ಆದರೂ ಮನೆ ಒಡೆಯುತ್ತದೆ. ಅನುಭವವಿಲ್ಲದ ಹೊಸಬರನ್ನೇ ಹೆಚ್ಚಾಗಿ ಹಾಕಿಕೊಂಡು ತೆಗೆದ ಚಿತ್ರವಾದರೂ ಅಭಿನಯ ಅಭಿನಯವೆನಿಸದು. ಮಾಸ್ತರಿಕೆಯಲ್ಲೇ ಆಯುಷ್ಯ ಕಳೆದ ನನಗೆ ಆ ಹೆಡ್‌ಮಾಸ್ತರರ ಬೆನ್ನು ಎಷ್ಟು ಪರಿಚಿತವೆನಿಸಿತೆಂದರೆ ಕೆಲವು ಕ್ಷಣ ಕಣ್ಣು ತೆರೆಯ ಮೇಲೆ ನಿಲ್ಲಲಿಲ್ಲ.

ದೀಪ ಹತ್ತಿದಾಗ ಪಕ್ಕದಲ್ಲಿದ್ದ ವೃದ್ಧೆಯೊಬ್ಬರು ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ, “ಇದು ನಿಮ್ಮ ಭಾಷೆಯೆ?” ಎಂದು ಕೇಳಿದರು. “ಅಲ್ಲ ತಾಯಿ, ನಮ್ಮ ದೇಶದ್ದು, ಆದರೆ ನನ್ನ ಭಾಷೆಯಲ್ಲ. ನಾನೂ ನಿಮ್ಮ ಹಾಗೆಯೇ ಕೆಳಗಿನ ಅಕ್ಷರ ಓದಿಕೊಂಡೇ ನೋಡಿದೆ” ಎಂದೆ. ಅವರಿಗೆ ಆಶ್ಚರ್ಯವಾಯಿತು. ಸ್ವಲ್ಪ ತಡೆದು, “ಹಾಗಾದರೆ ಇದನ್ನು ನಿಮ್ಮ ಊರಿನಲ್ಲಿ ಮುಂಚೆ ನೋಡಿದ್ದಿರೇನು?” ಎಂದರು. ಇಲ್ಲವೆಂದೆ. “ನೋಡಿ, ಆ ಸೊಸೆ ನನ್ನ ಅಕ್ಕನೇ,” ಎಂದು ಹೇಳಿ, ಕೈಚೀಲ ಹೆಗಲಿಗೇರಿಸಿಕೊಂಡು ಮುಂದಿನ ಚಿತ್ರಕ್ಕೆ ಹೊರಟುಹೋದರು. ಒಡಿಶಾದ ಮನೆಯೊಂದರ ಅಡುಗೆಕೋಣೆಯನ್ನು ನೋಡಲು ಕರ್ನಾಟಕದವನು ಇಟಲಿಗೆ ಹೋಗಬೇಕಾಯಿತೆಂಬುದನ್ನು ಕುರಿತು ನಗಬೇಕೋ ನಾಚಬೇಕೋ ಎಂದು ಯೋಚಿಸುತ್ತ ನಾನು ಆ ದಿನದ ಮೂರನೆಯ ಚಿತ್ರವನ್ನು ಬಿಟ್ಟುಬಿಟ್ಟೆ.

ಇಷ್ಟು ಚಿತ್ರಗಳು ‘ಮರಳಿ ಸಿಗುವುದು’ ಹೇಗೆ ಎಂಬುದನ್ನು ಸ್ವಲ್ಪ ಹೇಳಬೇಕು. ಬೊಲೊನ್ಯಾದಲ್ಲಿ 1992ರಿಂದ ‘ಲಿಮ್ಮಾಜಿನೆ ರಿತ್ರೊವಾತಾ’ ಎಂಬ ಪ್ರಯೋಗಾಲಯವಿದೆ. ಹೆಸರಿನ ಅರ್ಥ ಮರಳಿ ದೊರೆತ ಬಿಂಬ. ಚಿತ್ರದ ಸುರುಳಿ ನಾವು ತಿಳಿದಷ್ಟು ಶಾಶ್ವತವಾದ ವಸ್ತುವಲ್ಲ. 1950ರ ದಶಕದ ಆರಂಭದವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮಂತೂ ಬೆಂಕಿಯ ಬಂಧು. ಒಮ್ಮೆ ಹತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಆರದು. ಆಮೇಲೆ ಬಂದ ಅಸಿಟೇಟ್ ಫಿಲ್ಮು ಹಾಗೆ ಉರಿಯುವುದಿಲ್ಲ, ಆದರೆ ಸೆಕೆ ಮತ್ತು ತೇವದಲ್ಲಿಟ್ಟರೆ ಕೊಳೆಯುತ್ತದೆ. ಕೊಳೆಯುವಾಗ ವಿನಿಗರಿನ ಹುಳಿವಾಸನೆ ಬರುತ್ತದೆ. ಸುರುಳಿ ಕುಗ್ಗಿ, ಸೊಟ್ಟಗಾಗಿ, ಕೊನೆಗೆ ಅಂಟಿಕೊಂಡು ಗಟ್ಟಿಯಾಗುತ್ತದೆ. ಅಂಥದು ಪ್ರಯೋಗಾಲಯಕ್ಕೆ ಬಂದರೆ ಮೊದಲು ಯಂತ್ರವಲ್ಲ, ಕೈ. ದೀಪದ ಮೇಜಿನ ಮೇಲೆ ಹಾಸಿ, ಹರಿದ ರಂಧ್ರಗಳನ್ನೂ ಬಿಟ್ಟುಹೋದ ಜೋಡಣೆಗಳನ್ನೂ ಒಂದೊಂದಾಗಿ ಸರಿಪಡಿಸುತ್ತಾರೆ. ಆಮೇಲೆ ತೊಳೆಯುವುದು. ಅನಂತರ ಒಂದೊಂದು ಚೌಕಟ್ಟನ್ನೂ ಪ್ರತ್ಯೇಕವಾಗಿ ಸ್ಕ್ಯಾನ್ ಮಾಡುವುದು. ಸೆಕೆಂಡಿಗೆ 24 ಚೌಕಟ್ಟು. ಎರಡು ಗಂಟೆಯ ಚಿತ್ರಕ್ಕೆ ಒಂದು ಲಕ್ಷದ ಎಪ್ಪತ್ತೆರಡು ಸಾವಿರಕ್ಕೂ ಮೀರಿ. ಹಳೆಯ ತಾಳೆಗರಿಗೆ ಎಣ್ಣೆ ಸವರಿ, ಹುಳು ತಿಂದ ಅಕ್ಷರವನ್ನು ಕಣ್ಣು ಕಿರಿದುಮಾಡಿ ಓದಿ ಪ್ರತಿಮಾಡಿದ ನಮ್ಮ ಗ್ರಂಥಸಂಪಾದಕರ ಜಾತಿಯವರು ಇವರು.

ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಯ ಕತೆ ನಿಮಗೆ ಗೊತ್ತಿರಬಹುದು. ರಾಯ್ ಅವರ ಮೂಲ ನೆಗೆಟಿವ್‌ಗಳನ್ನು ದುರಸ್ತಿಗೆಂದು ಲಂಡನ್ನಿಗೆ ಕಳಿಸಿದ್ದಾಗ, 1993ರಲ್ಲಿ ಅಲ್ಲಿಯ ಪ್ರಯೋಗಾಲಯಕ್ಕೆ ಬೆಂಕಿ ಬಿತ್ತು. ಸುಟ್ಟು ಕರಕಾದ ಸುರುಳಿಗಳನ್ನು ಎಸೆಯದೆ ಅಮೆರಿಕದ ಅಕಾಡೆಮಿಯ ಸಂಗ್ರಹಾಲಯದವರು ಎತ್ತಿಟ್ಟರು. ಇಪ್ಪತ್ತು ವರ್ಷದ ಮೇಲೆ ಅವು ಬೊಲೊನ್ಯಾಕ್ಕೆ ಬಂದವು. ಒಣಗಿ ಸೆಟೆದ ಫಿಲ್ಮಿಗೆ ಮತ್ತೆ ತೇವ ಕೊಟ್ಟು, ಸುಮಾರು ಸಾವಿರ ಗಂಟೆಗಳ ಕೈಗೆಲಸ ಮಾಡಿ, ಆ ಚಿತ್ರದ ಸುಮಾರು ನೂರಕ್ಕೆ ನಲವತ್ತು ಭಾಗವನ್ನು ಸುಟ್ಟ ಮೂಲದಿಂದಲೇ ಎತ್ತಿದರು. ಉಳಿದದ್ದನ್ನು ಬೇರೆ ಪ್ರತಿಗಳಿಂದ ತುಂಬಿಸಿದರು. 2015ರಲ್ಲಿ ಅದು ನ್ಯೂಯಾರ್ಕಿನಲ್ಲಿ ಮತ್ತೆ ತೆರೆಕಂಡಿತು. ಉದಯಶಂಕರರ ‘ಕಲ್ಪನಾ’ ಚಿತ್ರಕ್ಕೂ ಇದೇ ಊರಿನಲ್ಲಿ ಮರುಜೀವ ಬಂದಿತ್ತು.

ಇನ್ನು ನಮ್ಮ ಮನೆಯ ಸುದ್ದಿ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರದು. ಅನಂತಮೂರ್ತಿಯವರ ಕತೆ, ಎಸ್. ರಾಮಚಂದ್ರ ಅವರ ಛಾಯಾಗ್ರಹಣ, ಬಿ. ವಿ. ಕಾರಂತರ ಸಂಗೀತ. ಸ್ವರ್ಣಕಮಲ ಪಡೆದ ಆ ಚಿತ್ರವನ್ನು ನಾನು ಮೊದಲು ನೋಡಿದ್ದು ಒಂದು ಚಿತ್ರಸಮಾಜದಲ್ಲಿ, ಶಾಲೆಯ ಹಜಾರದ ಕಿಟಕಿಗಳಿಗೆ ಕಂಬಳಿ ಹೊದಿಸಿ ಮಾಡಿಕೊಂಡ ಕತ್ತಲೆಯಲ್ಲಿ. ಸವೆದ ಪ್ರತಿ, ಮಳೆ ಸುರಿದಂತೆ ಗೀರುಗಳು. ರಾತ್ರಿಯ ದೃಶ್ಯಗಳಲ್ಲಿ ಎಲ್ಲವೂ ಬೂದಿಬಣ್ಣ. ಬದುಕಿರುವ ಹೆಣ್ಣುಮಗಳಿಗೆ ಶ್ರಾದ್ಧ ಮಾಡಿ ಹೊರಗೆ ಹಾಕುವುದನ್ನು ಪುಟ್ಟ ಹುಡುಗ ನಾಣಿಯ ಕಣ್ಣಿನಿಂದ ನೋಡಿದ ಮೇಲೆ, ದೀಪ ಹತ್ತಿದರೂ ಯಾರೂ ಬೆಂಚು ಬಿಟ್ಟು ಏಳಲಿಲ್ಲ. ಆ ಚಿತ್ರ 2024ರಲ್ಲಿ ಬೊಲೊನ್ಯಾದ ಅದೇ ಪ್ರಯೋಗಾಲಯದಲ್ಲಿ ಜೀರ್ಣೋದ್ಧಾರಗೊಂಡು, ಆ ವರ್ಷವೇ ವೆನಿಸ್ ಉತ್ಸವದಲ್ಲಿ ಹಳೆಯ ಮಹಾಕೃತಿಗಳ ಸಾಲಿನಲ್ಲಿ ಪ್ರದರ್ಶಿತವಾಯಿತು. ಸ್ಕೋರ್ಸೇಸಿ ಎಂಬ ಅಮೆರಿಕದ ನಿರ್ದೇಶಕರು ಕಟ್ಟಿದ ಸಂಸ್ಥೆಯೂ ಮುಂಬಯಿಯ ಫೌಂಡೇಶನ್ನೂ ಕೂಡಿ ಮಾಡಿಸಿದ ಕೆಲಸ ಅದು. ಮಲೆನಾಡಿನ ಅಗ್ರಹಾರದ ಕತೆ, ಪುಣೆಯ ಸಂಗ್ರಹಾಲಯದಲ್ಲಿ ಉಳಿದ ನೆಗೆಟಿವ್, ಅಮೆರಿಕದ ಹಣ, ಇಟಲಿಯ ಕೈ. ಕೃತಜ್ಞತೆ ಹೇಳಲು ನಾಲ್ಕು ದಿಕ್ಕಿಗೂ ತಿರುಗಬೇಕು. ನಮ್ಮ ದಿಕ್ಕಿಗೆ ಮಾತ್ರ ತಿರುಗುವ ಸಂದರ್ಭ ಹೆಚ್ಚಾಗಿ ಬರದೆಹೋಯಿತು.

ನಾನು ಹಿಂದಿರುಗಿದ ಮರುವರ್ಷ, 2025ರ ಜೂನ್ 27ರ ರಾತ್ರಿ, ಆ ಮಹಾಚೌಕದ ತೆರೆಯ ಮೇಲೆ ‘ಶೋಲೆ’ ಓಡಿತು. 1975ರ ಆ ಹಿಂದೀ ಚಿತ್ರವನ್ನು ತೆಗೆದದ್ದು ನಮ್ಮ ರಾಮನಗರದ ಬಂಡೆಗಳ ನಡುವೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ತುರ್ತುಪರಿಸ್ಥಿತಿಯ ಕಾಲದ ಸೆನ್ಸಾರಿನವರು ಕಡೆಯ ಭಾಗವನ್ನು ಬದಲಾಯಿಸಿದ್ದರು. ಠಾಕೂರನ ಕೈಗೆ ಸಿಕ್ಕಿದ ಗಬ್ಬರ್ ಸಿಂಗನನ್ನು ಪೊಲೀಸರಿಗೆ ಒಪ್ಪಿಸುವಂತೆ ಮಾಡಿದರು. ಮೊದಲು ತೆಗೆದಿದ್ದ ಅಂತ್ಯದಲ್ಲಿ ಠಾಕೂರನೇ ಅವನನ್ನು ಕೊಲ್ಲುತ್ತಾನೆ. ಆ ಮೊದಲಿನ ಅಂತ್ಯದೊಡನೆ, ಐವತ್ತು ವರ್ಷದ ಮೇಲೆ, ಬೊಲೊನ್ಯಾದ ಜನ ಅದನ್ನು ನೋಡಿದರು. ಪತ್ರಿಕೆಯಲ್ಲಿ ಓದಿದಾಗ, ಹದಿನಾಲ್ಕನೆಯ ಶತಮಾನದ ಆ ಇಟ್ಟಿಗೆಯ ಗೋಡೆಯ ಮಗ್ಗುಲಲ್ಲಿ ರಾಮದೇವರಬೆಟ್ಟವನ್ನು ನಿಲ್ಲಿಸಿ ನೋಡಲು ನನ್ನ ಕಲ್ಪನೆಗೆ ಯಾವ ಕಷ್ಟವೂ ಆಗಲಿಲ್ಲ. ಎರಡರ ಬಣ್ಣವೂ ಸಂಜೆಯ ಬಿಸಿಲಿಗೆ ಒಂದೇ.

ಆದರೆ ಇಲ್ಲೊಂದು ಕೊರೆತವುಂಟು. ‘ಶೋಲೆ’ಯಂಥ ಚಿತ್ರವನ್ನು ಎತ್ತಿ ನಿಲ್ಲಿಸಲು ಅದರ ಕೀರ್ತಿಯೇ ಸಾಕು. ‘ಮಾಯಾ ಮಿರಿಗ’ಕ್ಕೆ ಯಾರೋ ಪುಣ್ಯಾತ್ಮರು ಗೋದಾಮಿಗೆ ಹೋಗಿ ಹುಡುಕಬೇಕಾಯಿತು. ಗೋದಾಮಿನಲ್ಲೂ ಉಳಿಯದ ಚಿತ್ರಗಳ ಗತಿಯೇನು? ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚಿಯಲ್ಲಿ ತೆರೆಕಂಡಿತು. ವೈ. ವಿ. ರಾವ್ ನಿರ್ದೇಶಿಸಿ, ಸುಬ್ಬಯ್ಯನಾಯ್ಡು, ನಾಗೇಂದ್ರರಾಯರು, ತ್ರಿಪುರಾಂಬ ಮುಂತಾದವರು ಕೊಲ್ಲಾಪುರಕ್ಕೆ ಹೋಗಿ ನಟಿಸಿದ ಚಿತ್ರ ಅದು. ಅದರ ಒಂದು ಪ್ರತಿಯೂ ನಮ್ಮ ಕೈಯಲ್ಲಿ ಉಳಿದಿಲ್ಲ. ಪಂಪನ ಕಾಲದ ತಾಳೆಗರಿಯ ಪಾಠಗಳು ಉಳಿದು ಬಂದಿವೆ. ನಮ್ಮ ತಾತಂದಿರು ಕಾಸು ಕೊಟ್ಟು ನೋಡಿದ ಚಿತ್ರ ಉಳಿದಿಲ್ಲ. ತಾಳೆಗರಿಯನ್ನು ಪೂಜೆಯ ಕೋಣೆಯಲ್ಲಿಟ್ಟೆವು. ಸಿನಿಮಾವನ್ನು ನೋಡಿದ ಮೇಲೆ ಎಂಜಲೆಲೆಯಂತೆ ಹೊರಕ್ಕೆಸೆದೆವು. ಎಷ್ಟೋ ಹಳೆಯ ಸುರುಳಿಗಳನ್ನು ಅದರಲ್ಲಿದ್ದ ಬೆಳ್ಳಿಗಾಗಿ ಕರಗಿಸಿದ್ದೂ ಉಂಟು.

ಈಗ ಎಲ್ಲವೂ ಅಂಗೈಯೊಳಗಿನ ಫೋನಿನಲ್ಲಿ ಸಿಗುವಾಗ ಮಂದಿರವೇಕೆ, ಚೌಕವೇಕೆ, ನಡುರಾತ್ರಿಯ ಜಾಗರಣೆಯೇಕೆ ಎಂದು ನನ್ನ ಮೊಮ್ಮಗ ವಾದ ಹೂಡುತ್ತಾನೆ. ಎಲ್ಲವೂ ಸಿಗುವುದಿಲ್ಲವಪ್ಪ ಎಂಬುದು ನನ್ನ ಮೊದಲ ಉತ್ತರ. ಯಾರಾದರೂ ಹುಡುಕಿ, ತೊಳೆದು, ಒರೆಸಿ ಇಟ್ಟದ್ದು ಮಾತ್ರ ಸಿಗುತ್ತದೆ. ಎರಡನೆಯದಾಗಿ, ಉಳಿಸುವವರಿಗೆ ಉಳಿಸುವ ಹುರುಪು ಬರುವುದು ನೋಡುವವರಿಂದ. ಬೊಲೊನ್ಯಾದ ಪ್ರಯೋಗಾಲಯವನ್ನೂ ಚೌಕದ ತೆರೆಯನ್ನೂ ಬೇರೆಬೇರೆಯಾಗಿ ಎಣಿಸಲು ನನ್ನಿಂದಾಗದು. ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ಚಿತ್ರವೂ ಕಳೆದುಹೋದ ಚಿತ್ರದ ದಾಯಾದಿಯೇ. ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು 1970ರ ದಶಕದಲ್ಲಿ ಹಳ್ಳಿಯ ಜನಕ್ಕೆ ದೇಶವಿದೇಶಗಳ ಚಿತ್ರಗಳನ್ನು ತೋರಿಸಲು ಹೊರಟಾಗ, ಅಡಿಕೆ ತೋಟದವರಿಗೆ ಇದೆಲ್ಲ ಅರ್ಥವಾದೀತೆ ಎಂದು ಪೇಟೆಯ ಬುದ್ಧಿವಂತರು ಕೇಳಿದ್ದುಂಟು. ಜನ ಬಂದರು, ನೋಡಿದರು, ಜಗಳವಾಡಿದರು. ಬೊಲೊನ್ಯಾದ ಚೌಕದಲ್ಲಿ ಐಸ್‌ಕ್ರೀಂ ತಿನ್ನುತ್ತ ಕುಳಿತಿದ್ದ ಅಜ್ಜಿಯರನ್ನು ನೋಡಿದಾಗ ನನಗೆ ನೆನಪಾದದ್ದು ಆ ಹೆಗ್ಗೋಡಿನ ಸುದ್ದಿಯೇ. ಇಂಥ ಕೆಲಸಕ್ಕೆ ಮಹಾನಗರವೇ ಬೇಕೆಂದಿಲ್ಲ. ಬೊಲೊನ್ಯಾ ಕೂಡ ಮಹಾನಗರವಲ್ಲ.

ಸಮಯ ಮುಗಿಯುತ್ತ ಬಂತು. ಕೇಳುತ್ತಿರುವವರಲ್ಲಿ ಯಾರಾದರೂ ಹಿಂದೆ ಟೂರಿಂಗ್ ಟಾಕೀಸು ನಡೆಸಿದ ಮನೆತನದವರಿರಬಹುದು, ಚಿತ್ರ ಹಂಚಿಕೆಯ ವ್ಯವಹಾರ ಮಾಡಿದವರಿರಬಹುದು. ನಿಮ್ಮ ಅಟ್ಟದ ಮೇಲೋ ಉಗ್ರಾಣದಲ್ಲೋ ದುಂಡನೆಯ ತಗಡಿನ ಡಬ್ಬಿಗಳಿದ್ದರೆ ದಯವಿಟ್ಟು ಗುಜರಿಯವನಿಗೆ ಹಾಕಬೇಡಿ. ಮುಚ್ಚಳದ ಮೇಲೆ ಚಿತ್ರದ ಹೆಸರೂ ರೀಲಿನ ಸಂಖ್ಯೆಯೂ ಇದ್ದರೆ ಬರೆದುಕೊಳ್ಳಿ. ಹುಳಿವಾಸನೆ ಬಂದರೆ ಹೆದರಬೇಡಿ, ಒಳಗಿನ ಸುರುಳಿಯನ್ನು ಎಳೆದು ಬಿಚ್ಚಲೂಬೇಡಿ. 1950ಕ್ಕಿಂತ ಹಿಂದಿನದಾಗಿದ್ದರೆ ಅಡುಗೆಮನೆಯಿಂದಲೂ ದೀಪದಿಂದಲೂ ದೂರ, ತಂಪಾದ ಒಣಜಾಗದಲ್ಲಿಡಿ. ಪುಣೆಯಲ್ಲಿ 1964ರಿಂದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವಿದೆ. ಅವರಿಗೊಂದು ಕಾಗದ ಬರೆಯಿರಿ. ಡಬ್ಬಿಯೊಳಗೆ ಸುಲೋಚನೆಯೇ ಇರಬೇಕೆಂದಿಲ್ಲ. ಹೆಸರು ಮರೆತುಹೋದ ಯಾವುದಾದರೂ ಚಿತ್ರದ ಮೂರನೆಯ ರೀಲು ಇದ್ದರೂ ಆದೀತು.